ಕಾಂಪೋಸ್ಟ್ ಯಾರ್ಡಿಗೆ ಮಳೆನೀರಿನ ಕೆಲಸ ಮಾಡಿಸಿದೆವು: 5ಕ್ಕೆ 3.5

ನಮ್ಮದು ಕನಕಪುರ ರಸ್ತೆ ಕಡೆ ಅರ್ಧ ಎಕರೆಯ ಕಾಂಪೋಸ್ಟ್ ಯಾರ್ಡ್. ಸುತ್ತಲಿನ ಅಪಾರ್ಟ್‌ಮೆಂಟುಗಳ ಹಸಿ ಕಸ, ಒಣ ಎಲೆ, ಒಂದಷ್ಟು ಸಗಣಿ ಬರುತ್ತದೆ. ಮಳೆಗಾಲ ಬಂತೆಂದರೆ ಜಾಗ ತುಂಬ ಕರಿ ನೀರು, ಕೆಳಗಿನ ರಾಗಿ ಹೊಲದವರ ಜೊತೆ ಜಗಳ. ಕೊನೆಗೆ ಒಬ್ಬ ಸಿವಿಲ್ ಕಂಟ್ರಾಕ್ಟರಿಗೆ ಪೂರ್ತಿ ಕೆಲಸ ಒಪ್ಪಿಸಿದೆವು. ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಒಟ್ಟು ಖರ್ಚು 5 ಲಕ್ಷದ ಹತ್ತಿರ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಬೇರೆ ಕೊಟೇಷನ್ ಕೊಟ್ಟವರೆಲ್ಲ ನೇರವಾಗಿ ಕೆಳಗಿನ ಮೂಲೆಗೆ ಹೋಗಿ ‘ಇಲ್ಲೊಂದು ದೊಡ್ಡ ಸಂಪ್ ಕಟ್ಟೋಣ ಸಾರ್’ ಎಂದರು. ಇವರು ಮೇಲಿನ ಬೇಲಿ ಹತ್ತಿರ ನಿಂತು, ಆಚೆ ಜಮೀನಿನ ನೀರು ಎಲ್ಲಿಂದ ಒಳಗೆ ನುಗ್ಗುತ್ತದೆ ಎಂದು ಕೇಳಿದರು. ಕೆಲಸ ಇವರಿಗೇ ಕೊಡೋಣ ಅನ್ನಿಸಿದ್ದು ಆಗಲೇ. ಲೆಕ್ಕ ನೋಡಿ, ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಅರ್ಧ ಎಕರೆ ಎಂದರೆ ಸುಮಾರು 2,000 ಚದರ ಮೀಟರ್, ಅಂದರೆ 50 ಮಿ.ಮೀ. ಮಳೆಗೆ 1 ಲಕ್ಷ ಲೀಟರ್. ಬೆಂಗಳೂರಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಇಂಥ ಮಳೆ ಏನೂ ಅಪರೂಪ ಅಲ್ಲ. ಇದರ ಜೊತೆಗೆ ಪಕ್ಕದ ಜಮೀನಿನ ನೀರೂ ಒಳಗೆ ಬಂದು ಕಸ ತೊಳೆದುಕೊಂಡು ಹೋದರೆ ಎಷ್ಟು ದೊಡ್ಡ ಸಂಪ್ ಇದ್ದರೂ ಸಾಲುವುದಿಲ್ಲ. ಇವರು ಮೇಲಿನ ಅಂಚಿಗೆ ಚರಂಡಿ ತೋಡಿ, ಒಳಬದಿಗೆ ಬದು ಹಾಕಿ, ಆ ನೀರನ್ನು ಹೊರಗಿಂದಲೇ ಸುತ್ತಿಸಿ ಹಳ್ಳಕ್ಕೆ ಬಿಟ್ಟರು. ಕಸ ಮುಟ್ಟದ ನೀರು ಅದು, ಸುಮ್ನೆ ಯಾಕೆ ಹಿಡಿದಿಡಬೇಕು?

ವಾಟ ಕೊಟ್ಟಿದ್ದೂ ಚೆನ್ನಾಗಿದೆ. ಕಸ ಕೊಳೆಯುವ ಜಾಗಕ್ಕೆ ಕಾಂಕ್ರೀಟ್ ಹಾಕಿ, ನೂರು ಅಡಿಗೆ ಎರಡು ಅಡಿಯಷ್ಟು ಇಳಿಸಿದರು. ಮೇಸ್ತ್ರಿ ಬಕೆಟ್‌ನಲ್ಲಿ ನೀರು ಸುರಿದು ತೋರಿಸಿದರು, ಎಲ್ಲೂ ನಿಲ್ಲಲಿಲ್ಲ. ಉದ್ದ ರಾಶಿಗಳನ್ನು ಇಳಿಜಾರಿನ ದಿಕ್ಕಿಗೇ ಹಾಕಿ ಎಂದೂ ಹೇಳಿದರು. ಅಡ್ಡ ಹಾಕಿದರೆ ಪ್ರತಿ ರಾಶಿಯ ಹಿಂದೆ ನೀರು ನಿಂತು, ಬುಡ ನೆನೆದು, ಗಾಳಿ ಆಡದೆ ನಾರುತ್ತದೆ. ರಾಶಿಯಲ್ಲಿ ತೇವ 50ರಿಂದ 60 ಶೇಕಡಾ ಇದ್ದರೆ ಸಾಕು, ಅದಕ್ಕಿಂತ ಜಾಸ್ತಿಯಾದರೆ ಒಳಗೆ ಬಿಸಿ ಏರುವುದೇ ಕಷ್ಟ.

ಈಗ ದೂರು. ಮಾಗಿದ ಗೊಬ್ಬರ ಇಡುವ ಶೆಡ್ಡಿನ ಶೀಟಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿದರು ಸರಿ, ಆದರೆ ಅದರ ಪೈಪನ್ನು ತಂದು ಲೀಚೆಟ್, ಅಂದರೆ ಕಸದಿಂದ ಇಳಿಯುವ ಕರಿ ನೀರಿನ ಚರಂಡಿಗೇ ಸೇರಿಸಿಬಿಟ್ಟರು! ಮೇಲಿನ ಜಮೀನಿನ ನೀರನ್ನು ಅಷ್ಟು ಜಾಣತನದಿಂದ ಹೊರಗೆ ಕಳಿಸಿದವರು ಶೀಟಿನ ನೀರನ್ನು ಮರೆತದ್ದು ಹೇಗೋ ಗೊತ್ತಿಲ್ಲ. ಮೊದಲ ಜೋರು ಮಳೆಗೇ ಆ ಚರಂಡಿಯ ನೀರು ಸೇರುವ 10,000 ಲೀಟರಿನ ಟ್ಯಾಂಕ್ ತುಂಬಿ ಉಕ್ಕಿತು, ಕರಿ ನೀರು ಮತ್ತೆ ರಾಗಿ ಹೊಲಕ್ಕೇ ಹೋಯಿತು. ಲೀಚೆಟ್ ವಿಷಯ ತಮಾಷೆ ಅಲ್ಲ, ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಾವಳ್ಳಿಪುರದ ಊರಿನವರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಫೋನ್ ಮಾಡಿದರೆ ಬಂದು ಪೈಪ್ ತಿರುಗಿಸಿಕೊಟ್ಟರು, ಕೂಲಿ ಬಿಟ್ಟರು, ಪೈಪಿನ ದುಡ್ಡು ಮಾತ್ರ ನಮ್ಮಿಂದಲೇ ತೆಗೆದುಕೊಂಡರು. ಅದು ನನಗೆ ಸರಿ ಅನ್ನಿಸಲಿಲ್ಲ.

ಇನ್ನೊಂದು, ಟ್ಯಾಂಕಿಗೆ ಮುಂಚೆ ಹೂಳು ತಂಗಲು ಕಟ್ಟಿದ ಗುಂಡಿ. ಅದರ ಮೇಲೆ ಇಬ್ಬರು ಸೇರಿದರೂ ಎತ್ತಲಾಗದ ಕಲ್ಲಿನ ಚಪ್ಪಡಿ ಮುಚ್ಚಿದ್ದಾರೆ. ಎಲೆ, ತೆಂಗಿನ ನಾರು, ಮಣ್ಣು ಎಲ್ಲ ಅಲ್ಲೇ ತುಂಬುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಬಾಚಬೇಕು. ಎತ್ತುವುದು ಕಷ್ಟ ಎಂದಮೇಲೆ ಯಾರು ಬಾಚುತ್ತಾರೆ ಹೇಳಿ? ಜಾಲರಿ ಹಾಕಿಕೊಡಿ ಎಂದು ಕೇಳಿದ್ದೇವೆ, ‘ಮುಂದಿನ ವಾರ’ ಎನ್ನುತ್ತಲೇ ಇದ್ದಾರೆ.

ಟಾರ್ಪಾಲು ಕೂಡ ಅವರೇ ತಂದುಕೊಟ್ಟರು, ರೇಟು ಅಂಗಡಿಗಿಂತ ಜಾಸ್ತಿ. ಜೋರು ಮಳೆಯ ಹೊತ್ತಿಗೆ ಹೊದಿಸಲು ಪರವಾಗಿಲ್ಲ. ಇಡೀ ದಿನ ಮುಚ್ಚಿಟ್ಟರೆ ರಾಶಿಗೆ ಉಸಿರುಗಟ್ಟುತ್ತದೆ, ಮಳೆ ನಿಂತ ಕೂಡಲೇ ತೆಗೆಯಿರಿ.

ಟ್ಯಾಂಕಿನಲ್ಲಿ ಹಿಡಿದ ನೀರನ್ನು ಈಗ ಹೊಸ ರಾಶಿಗಳಿಗೆ ಚಿಮುಕಿಸುತ್ತೇವೆ, ಅವು ಇನ್ನೂ ಬಿಸಿಯೇರಬೇಕಾದವು. ಮಾಗಿದ ಗೊಬ್ಬರಕ್ಕೆ ಮಾತ್ರ ಹಾಕಬೇಡಿ, ಹಸಿ ಕಸದ ರೋಗಾಣು ಮತ್ತೆ ಸೇರಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಬೋರ್‌ವೆಲ್ ನೀರು ಅಷ್ಟು ಉಳಿಯಿತು.

ಮೇಲಿನ ಚರಂಡಿ, ವಾಟ ಎರಡಕ್ಕೆ ಪೂರ್ತಿ ಮಾರ್ಕು, ಒಂದೂವರೆ ಕಳೆದದ್ದು ಪೈಪು ಮತ್ತು ಚಪ್ಪಡಿಗೆ. ಇಂಥ ಕೆಲಸ ಯಾರಿಂದ ಮಾಡಿಸಿದರೂ ಪ್ರತಿ ಪೈಪಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ, ಕೊನೆಯ ಕಂತನ್ನು ಒಂದು ಜೋರು ಮಳೆ ಆದಮೇಲೆ ಕೊಡಿ.