ರಿಬೌಂಡ್: ಎಲ್‌4 ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ನಾನು ಕಂಡಿಲ್ಲ

ಶಿರಸಿಯಲ್ಲಿ ಬಿಎಸ್‌ಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಒಂದನ್ನೊಂದು ಸುತ್ತುವ ಎರಡು ದೊಡ್ಡ ಕಾಯಗಳ ಜೊತೆಗೇ ಒಂದು ಚಿಕ್ಕ ಕಾಯ ತನ್ನ ಸ್ಥಾನ ಬಿಡದೆ ಸುತ್ತಬಲ್ಲ ಐದು ಜಾಗಗಳಿವೆ, ಅವೇ ಲಗ್ರಾಂಜ್ ಬಿಂದುಗಳು (ಎಲ್‌1ರಿಂದ ಎಲ್‌5). ಅವನ್ನು ಹೇಳಿಕೊಡಲು ಈ ವರ್ಷ ರಿಬೌಂಡ್ ಬಳಸಿದೆ. ಗುರುತ್ವದಿಂದ ಕಾಯಗಳು ಹೇಗೆ ಚಲಿಸುತ್ತವೆ ಎಂದು ಲೆಕ್ಕಹಾಕುವ ಸಾಫ್ಟ್‌ವೇರ್ ಇದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓಡುತ್ತದೆ, ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ಆಮೇಲೆ ನೆಟ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಅದೇ ದೊಡ್ಡ ಅನುಕೂಲ.

ಕಾಯದ ದ್ರವ್ಯರಾಶಿ ಬರೆಯದಿದ್ದರೆ ಇದು ಸೊನ್ನೆ ಎಂದೇ ತಗೊಳ್ಳುತ್ತದೆ. ನಮಗೆ ಬೇಕಾದ್ದೂ ಅದೇ: ಸೂರ್ಯ, ಗುರು, ಜೊತೆಗೆ ಅವೆರಡನ್ನೂ ಎಳೆಯದ ಒಂದು ಚೂರು. ಆ ಚೂರನ್ನು ಗುರುವಿನ ದಾರಿಯಲ್ಲೇ ಅದಕ್ಕಿಂತ 60 ಡಿಗ್ರಿ ಮುಂದಿರುವ ಎಲ್‌4ರಿಂದ ಸ್ವಲ್ಪ ಸರಿಸಿ ಇಟ್ಟೆವು. ಸುಮಾರು 148 ವರ್ಷಕ್ಕೊಂದು ಸಲದಂತೆ ಹಿಂದೆ ಮುಂದೆ ಓಲಾಡುತ್ತ ಅಲ್ಲೇ ಉಳಿಯಿತು. 1906ರಲ್ಲಿ ಮ್ಯಾಕ್ಸ್ ವುಲ್ಫ್ ಪತ್ತೆಹಚ್ಚಿದ ಅಕಿಲೀಸ್ ಎಂಬ ಕ್ಷುದ್ರಗ್ರಹ ಓಡಾಡುವುದೂ ಈ ಜಾಗದಲ್ಲೇ.

"ಹಾಗಾದ್ರೆ ಅಲ್ಲೊಂದು ಗುಂಡಿ ಇದೆ ಅಲ್ವಾ ಮೇಡಂ?" ಎಂದಳು ಒಬ್ಬಳು. ಗುಂಡಿಯಲ್ಲ, ಗುಡ್ಡದ ನೆತ್ತಿ! ಗುರುವಿನ ಜೊತೆಗೇ ತಿರುಗುತ್ತ ನೋಡಿದರೆ ಎಲ್‌4ರಲ್ಲಿ ಪೊಟೆನ್ಶಿಯಲ್, ಅಂದರೆ ಗುಡ್ಡದ ಎತ್ತರದಂಥ ಶಕ್ತಿಯ ಮಟ್ಟ, ಎಲ್ಲಕ್ಕಿಂತ ಜಾಸ್ತಿ. ಕೆಳಗೆ ಜಾರಲು ಹೊರಟ ಚೂರನ್ನು, ಹೀಗೆ ತಿರುಗುತ್ತ ನೋಡಿದಾಗ ಕಾಣುವ ಕೊರಿಯಾಲಿಸ್ ಬಲ ಪಕ್ಕಕ್ಕೆ ತಿರುಗಿಸುತ್ತಲೇ ಇರುತ್ತದೆ. ಹಾಗಾಗಿ ಅದು ಬಿಂದುವಿನ ಸುತ್ತಲೇ ಸುತ್ತುತ್ತದೆ.

ಇದಕ್ಕೊಂದು ಷರತ್ತಿದೆ. ದೊಡ್ಡ ಕಾಯ ಚಿಕ್ಕದಕ್ಕಿಂತ ಸುಮಾರು 25 ಪಟ್ಟು ಭಾರ ಇರಲೇಬೇಕು, ಸರಿಯಾಗಿ ಹೇಳುವುದಾದರೆ 24.96. ಬೋರ್ಡಿನ ಮೇಲೆ ಇದು ಎಲ್ಲಿಂದಲೋ ಬಂದ ಸಂಖ್ಯೆಯಂತೆ ಕಾಣುತ್ತದೆ. ಇಲ್ಲಿ ಒಂದೇ ಸಾಲು ಬದಲಿಸಿ ನೋಡಬಹುದು. 30 ಪಟ್ಟು ಕೊಟ್ಟೆವು, ಚೂರು ನಿಂತಿತು. 20 ಕೊಟ್ಟೆವು. ಕೆಲವೇ ಸುತ್ತುಗಳಲ್ಲಿ ಅದರ ದಾರಿ ಅಗಲವಾಗುತ್ತ ಹೋಗಿ ಚೂರು ಕೈತಪ್ಪಿತು. ಪ್ಲೂಟೊ ಅದರ ಉಪಗ್ರಹ ಶಾರನ್‌ಗಿಂತ ಬರೀ 8 ಪಟ್ಟು ಭಾರ. ಅಲ್ಲಿ ಎಲ್‌4 ನಿಲ್ಲುವ ಜಾಗ ಆಗುವುದೇ ಇಲ್ಲ ಎಂದು ಮಕ್ಕಳೇ ಹೇಳಿದರು.

ಎರಡು ಕಾಯಗಳ ನಡುವಿನ ಗೆರೆಯ ಮೇಲಿರುವ ಎಲ್‌1ರಲ್ಲಿ ಮಾತ್ರ ಯಾವ ಅನುಪಾತ ಕೊಟ್ಟರೂ ಚೂರು ಜಾರುತ್ತದೆ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯ-ಭೂಮಿಯ ಎಲ್‌1ರ ಸುತ್ತ ಇರುವ ಇಸ್ರೋದ ನೌಕೆ ಆದಿತ್ಯ-ಎಲ್‌1 ಆಗಾಗ ಎಂಜಿನ್ ಉರಿಸಿ ದಾರಿ ಸರಿಮಾಡಿಕೊಳ್ಳುವುದು ಯಾಕೆ ಎಂದು ಬೇರೆ ವಿವರಿಸಬೇಕಾಗಲಿಲ್ಲ.

ಒತ್ತಿದರೆ ಓಡುವ ಬಟನ್‌ಗಳು ಬೇಕೆನ್ನುವವರಿಗೆ ಇದು ಆಗಿಬರುವುದಿಲ್ಲ, ಕೋಡ್ ಬರೆಯಲೇಬೇಕು. ಇನ್ನೊಂದು ಮಾತು: ಪ್ರತಿ ಹೆಜ್ಜೆಯಲ್ಲೂ ಗುರುವಿನ ಕೋನ ಕಳೆದು ಚಿತ್ರ ಬರೆಯಿರಿ. ಇಲ್ಲದಿದ್ದರೆ ಸುಮ್ನೆ ವೃತ್ತಗಳಷ್ಟೇ ಕಾಣುತ್ತವೆ, ಓಲಾಟ ಕಾಣುವುದಿಲ್ಲ.