ಹವ್ದಾಲಾ ಸೆಟ್: ಬೆಳ್ಳಿ ಬೇಕಿಲ್ಲ, ಒಳ್ಳೆಯ ಲವಂಗ ಬೇಕು

ಯೆಹೂದಿ ಪೂಜಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ, ಆನ್‌ಲೈನ್ ಮಳಿಗೆಗಳಲ್ಲಿ 'ಹವ್ದಾಲಾ ಸೆಟ್' ಎಂಬ ಪೆಟ್ಟಿಗೆ ಸಿಗುತ್ತದೆ. ಒಳಗಿರುವುದು ನಾಲ್ಕು ವಸ್ತು: ಒಂದು ಬಟ್ಟಲು, ಮಸಾಲೆ ತುಂಬುವ ಪುಟ್ಟ ಡಬ್ಬಿ, ಜಡೆಯಂತೆ ಹೆಣೆದ ಮೇಣದಬತ್ತಿ, ಇವನ್ನೆಲ್ಲ ಇಡಲು ಒಂದು ತಟ್ಟೆ. ಶುಕ್ರವಾರ ಸೂರ್ಯ ಮುಳುಗುವ ಮುನ್ನ ಆರಂಭವಾಗುವ ಶಬ್ಬಾತ್ (ಕನ್ನಡ ಬೈಬಲಿನ ಸಬ್ಬತ್ ದಿನ) ಸುಮಾರು 25 ಗಂಟೆ ಕಳೆದು ಶನಿವಾರ ರಾತ್ರಿ ಮೂರು ನಕ್ಷತ್ರ ಕಂಡಾಗ ಮುಗಿಯುತ್ತದೆ. ಆ ದಿನವನ್ನು ಬೀಳ್ಕೊಡುವ ಹತ್ತು ನಿಮಿಷದ ವಿಧಿಯೇ ಹವ್ದಾಲಾ. ಆ ಹೀಬ್ರೂ ಪದದ ಅರ್ಥ 'ಬೇರ್ಪಡಿಸುವುದು'.

ಯೆಹೂದಿ ಪರಂಪರೆಯಲ್ಲಿ ಧ್ಯಾನದ ದಾರಿ ಹುಡುಕುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಕಬ್ಬಾಲಾ (ಯೆಹೂದಿ ಅನುಭಾವ) ಕುರಿತ ದಪ್ಪ ಪುಸ್ತಕಗಳಿಗೆ, ಇಲ್ಲವೇ ಧ್ಯಾನದ ಆ್ಯಪ್‌ಗಳಿಗೆ. ಅವೆಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಈ ಸೆಟ್. ನಾಲಿಗೆಗೆ ದ್ರಾಕ್ಷಾರಸ, ಮೂಗಿಗೆ ಮಸಾಲೆ, ಕಣ್ಣಿಗೆ ಜ್ವಾಲೆ, ಬೆರಳಿಗೆ ಅದರ ಬಿಸಿ, ಕೊನೆಗೆ ಬತ್ತಿ ಆರುವಾಗ ಕಿವಿಗೆ 'ಚುಸ್' ಎಂಬ ಸದ್ದು. ಗಮನವನ್ನು ಒಂದೊಂದೇ ಇಂದ್ರಿಯದ ಮೇಲೆ ನಿಲ್ಲಿಸುವ ಕ್ರಮ ಈ ವಿಧಿಯೊಳಗೇ ಇದೆ, ಹೊರಗಿನಿಂದ ತಂದು ಸೇರಿಸಬೇಕಿಲ್ಲ. ಆದ್ದರಿಂದ ಸೆಟ್ಟನ್ನು ಅಳೆಯುವಾಗ ಕೇಳಬೇಕಾದ್ದು ಒಂದೇ: ಇದು ಗಮನ ನಿಲ್ಲಲು ಬಿಡುತ್ತದೆಯೋ, ಇಲ್ಲ ಮೇಣ ಸುರಿಸಿ, ಮುಚ್ಚಳ ಸಿಕ್ಕಿಸಿ ಗಮನ ಕೆಡಿಸುತ್ತದೆಯೋ? ಮಾರುಕಟ್ಟೆಯಲ್ಲಿರುವ ಬಹುಪಾಲು ಸೆಟ್‌ಗಳು ನೋಡಲು ಚೆಂದ, ಬಳಕೆಗೆ ಸಾಧಾರಣ.

ಎಲ್ಲಕ್ಕಿಂತ ಹೆಚ್ಚು ಸೋಲುವುದು ಮಸಾಲೆ ಡಬ್ಬಿ. ಯುರೋಪಿನ ಅಕ್ಕಸಾಲಿಗರು ಮಾಡಿಕೊಂಡು ಬಂದ ಬೆಳ್ಳಿಯ ಗೋಪುರದ ಆಕಾರ, ತುದಿಯಲ್ಲಿ ಪುಟ್ಟ ಬಾವುಟ, ಪಕ್ಕದಲ್ಲಿ ಬೆರಳೂ ಹೋಗದಷ್ಟು ಕಿರಿದಾದ ಬಾಗಿಲು. ನೋಡಲು ನಿಜಕ್ಕೂ ಸೊಗಸು. ಆದರೆ ಒಮ್ಮೆ ಲವಂಗ ತುಂಬಿದರೆ ಮತ್ತೆ ತೆಗೆದು ಒರೆಸುವುದು ಕಷ್ಟ, ಹಾಗಾಗಿ ಯಾರೂ ತೆಗೆಯುವುದಿಲ್ಲ. ವರ್ಷ ಕಳೆದ ಮೇಲೆ ಒಳಗಿರುವುದು ವಾಸನೆಯಿಲ್ಲದ ಕಂದು ಪುಡಿ. ಸೆಟ್ ಜೊತೆ ಕೊಡುವ ಪೊಟ್ಟಣದ ಲವಂಗವಂತೂ ಗೋದಾಮಿನಲ್ಲಿ ಎಷ್ಟು ಕಾಲ ಕೂತಿತ್ತೋ ಹೇಳುವಂತಿಲ್ಲ. ಒಂದು ಲವಂಗವನ್ನು ಉಗುರಿನಿಂದ ಒತ್ತಿ ನೋಡಿ: ಎಣ್ಣೆಯ ಪಸೆ ಕಾಣದಿದ್ದರೆ ಅದನ್ನು ಎಸೆದುಬಿಡಿ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಶಬ್ಬಾತ್ ದಿನ ಮನುಷ್ಯನಿಗೆ 'ನೆಶಾಮಾ ಯೆತೇರಾ', ಅಂದರೆ ಹೆಚ್ಚುವರಿಯಾದ ಒಂದು ಆತ್ಮ ಸಿಗುತ್ತದೆ, ದಿನ ಮುಗಿದಾಗ ಅದು ಹೊರಟುಹೋಗುತ್ತದೆ ಎನ್ನುತ್ತದೆ ಯೆಹೂದಿ ಧರ್ಮಶಾಸ್ತ್ರದ ಪ್ರಾಚೀನ ಚರ್ಚೆಗಳ ಸಂಗ್ರಹವಾದ ತಾಲ್ಮೂದ್. ಆ ಅಗಲಿಕೆಯಿಂದ ಕುಗ್ಗಿದ ಜೀವಕ್ಕೆ ಸಮಾಧಾನವಾಗಲೆಂದು ಪರಿಮಳ ಎಂದು ಮಧ್ಯಯುಗದ ವ್ಯಾಖ್ಯಾನಕಾರರು ವಿವರಿಸಿದರು. ದೇಹಕ್ಕಲ್ಲದೆ ಆತ್ಮಕ್ಕೆ ಮಾತ್ರ ಸುಖ ಕೊಡುವಂಥದ್ದು ಯಾವುದು ಎಂದು ತಾಲ್ಮೂದ್‌ನ ಬೆರಾಖೋತ್ ಸಂಪುಟ ಕೇಳಿ, ಪರಿಮಳ ಎಂದು ತಾನೇ ಉತ್ತರಿಸುತ್ತದೆ. ಇಷ್ಟು ತೂಕದ ಕ್ಷಣಕ್ಕೆ ಸತ್ತ ಲವಂಗ ಇಡಬಾರದು.

ನಮ್ಮ ಸಲಹೆ: ಗೋಪುರ ಬಿಟ್ಟು, ಬಿಗಿ ಮುಚ್ಚಳದ ಅಗಲ ಬಾಯಿಯ ಗಾಜಿನ ಪುಟ್ಟ ಸೀಸೆ ತೆಗೆದುಕೊಳ್ಳಿ. ಹತ್ತು ಹನ್ನೆರಡು ಇಡೀ ಲವಂಗ, ಎರಡಂಗುಲದ ಒಂದು ಚಕ್ಕೆ, ಸಿಪ್ಪೆ ಬಿರಿದ ನಾಲ್ಕು ಏಲಕ್ಕಿ ಸಾಕು. ಪುಡಿ ಮಾಡಬೇಡಿ, ಪುಡಿಯ ಪರಿಮಳ ಬೇಗ ಹಾರಿಹೋಗುತ್ತದೆ. ಪ್ರತಿ ಶನಿವಾರ ಸಂಜೆ ಎರಡು ಲವಂಗವನ್ನಷ್ಟೇ ಚಮಚದ ಹಿಂಬದಿಯಿಂದ ಜಜ್ಜಿ. ಆರು ವಾರಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಕಾಳುಮೆಣಸು, ಶುಂಠಿ ಬೇಡ, ಅವು ಪರಿಮಳಕ್ಕಾಗಿ ಬಳಸುವ ಪದಾರ್ಥವಲ್ಲವೆಂದು ಅವುಗಳ ಮೇಲೆ ಆಶೀರ್ವಚನ (ಬಳಸುವ ಮುನ್ನ ದೇವರನ್ನು ಸ್ತುತಿಸುವ ನುಡಿ) ಹೇಳದಿರುವುದು ರೂಢಿ. ಕೆಟ್ಟ ವಾಸನೆ ಮುಚ್ಚಲೆಂದೇ ಮಾಡಿದ ರೂಮ್ ಸ್ಪ್ರೇ ಕೂಡ ಸಲ್ಲದು. ಸೆಫಾರ್ದಿ (ಸ್ಪೇನ್ ಮೂಲದ ಯೆಹೂದಿ) ಪರಂಪರೆಯ ಮನೆಗಳಲ್ಲಿ ಹದಸ್ ಎಂಬ ಮರ್ಟಲ್ ಗಿಡದ ಹಸಿ ಟೊಂಗೆ ಅಥವಾ ಪನ್ನೀರು ಬಳಸುತ್ತಾರೆ. ಹಸಿ ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸುವ ಅನುಭವ ಯಾವ ಡಬ್ಬಿಯಲ್ಲೂ ಇಲ್ಲ.

ಏಲಕ್ಕಿಗೂ ಯೆಹೂದಿ ಮನೆಗಳಿಗೂ ಇರುವ ನಂಟಿನಲ್ಲಿ ನಮ್ಮ ಕರಾವಳಿಯೂ ಇದೆ. ಟುನೀಸಿಯಾದ ಮಹ್ದಿಯಾ ಊರಿನ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯೀಜೂ 1132ರ ಸುಮಾರಿಗೆ ಮಂಗಳೂರಿಗೆ ಬಂದು ನೆಲೆಸಿ, 1149ರಲ್ಲಿ ಏಡನ್‌ಗೆ ಮರಳಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಅವನ ಸರಕು. ಕೈರೋದ ಹಳೆಯ ಸಿನಗಾಗ್‌ನ (ಯೆಹೂದಿ ಪ್ರಾರ್ಥನಾ ಮಂದಿರದ) ಹಳೆಯ ಬರಹಗಳನ್ನು ಕೂಡಿಡುವ ಗೆನೀಜಾ ಕೋಣೆಯಲ್ಲಿ ಅವನ ಪತ್ರ, ಲೆಕ್ಕಗಳು ಉಳಿದಿದ್ದರಿಂದ ಇದೆಲ್ಲ ತಿಳಿದಿದೆ.

ಮೂಸುವುದಕ್ಕೂ ಒಂದು ಹದವಿದೆ. ಮೂಗು ಒಂದೇ ವಾಸನೆಗೆ ಬಹಳ ಬೇಗ ಒಗ್ಗಿಕೊಳ್ಳುತ್ತದೆ. ಮೊದಲೇ ಮುಚ್ಚಳ ತೆಗೆದಿಟ್ಟು ಓದುತ್ತ ಕೂತರೆ, ಸರದಿ ಬಂದಾಗ ಏನೂ ಗೊತ್ತಾಗುವುದಿಲ್ಲ. ಆಶೀರ್ವಚನ ಮುಗಿದ ಮೇಲೆಯೇ ಮುಚ್ಚಳ ತೆಗೆಯಿರಿ. ಉಸಿರು ಪೂರ್ತಿ ಹೊರಬಿಟ್ಟು, ಎರಡು ಮೂರು ಸಲ ಚಿಕ್ಕದಾಗಿ ಮೂಸಿ. ಸೀಸೆಯನ್ನು ಪಕ್ಕದವರಿಗೆ ಕೊಟ್ಟು, ಪರಿಮಳ ಮೂಗಿನಿಂದ ಮರೆಯಾಗುವವರೆಗೆ ಅದರ ಹಿಂದೆಯೇ ಹೋಗಿ. ಹೊರಟುಹೋಗುತ್ತಿರುವುದನ್ನು ತಡೆಯದೆ ಗಮನಿಸುವ ಈ ಅರ್ಧ ನಿಮಿಷವೇ ಹವ್ದಾಲಾದ ತಿರುಳು.

ಇನ್ನು ಮೇಣದಬತ್ತಿ. ಅದು ಜಡೆಯಾಗಿರುವುದು ಅಲಂಕಾರಕ್ಕಲ್ಲ. ಬೆಂಕಿಯ ಆಶೀರ್ವಚನದಲ್ಲಿ 'ಬೆಂಕಿಯ ಬೆಳಕುಗಳನ್ನು ಸೃಷ್ಟಿಸುವವನು' ಎಂಬ ಬಹುವಚನವಿದೆ. ಪ್ರಾಚೀನ ಯೆಹೂದಿ ಪಂಡಿತರ ಎರಡು ಪಂಥಗಳಲ್ಲಿ ಶಮ್ಮಾಯಿ ಪಂಥದವರು ಏಕವಚನ ಬೇಕೆಂದರು, ಹಿಲ್ಲೆಲ್ ಪಂಥದ ಬಹುವಚನ ನಿಂತಿತು. ಹವ್ದಾಲಾಕ್ಕೆ ಪಂಜೇ ಶ್ರೇಷ್ಠ ಎಂದು ತಾಲ್ಮೂದ್‌ನಲ್ಲಿ ರಾವಾ ಎಂಬ ಪಂಡಿತ ಹೇಳಿದ್ದಾನೆ. ಆದ್ದರಿಂದ ಕನಿಷ್ಠ ಎರಡು ಬತ್ತಿ ಒಂದೇ ಜ್ವಾಲೆಯಾಗಿ ಉರಿಯಬೇಕು. ಜಡೆಬತ್ತಿ ಸಿಗದಿದ್ದರೆ ಮಾಮೂಲಿ ಮೇಣದಬತ್ತಿ ಎರಡನ್ನು ಓರೆಯಾಗಿ ಹಿಡಿದು ಜ್ವಾಲೆ ಕೂಡಿಸಿದರೂ ನಡೆಯುತ್ತದೆ.

ಅಗ್ಗದ ಸೆಟ್‌ಗಳಲ್ಲಿ ಬರುವುದು ತೆಳು ಪ್ಯಾರಾಫಿನ್ ಎಳೆಗಳ ಜಡೆ. ಎಳೆಗಳ ನಡುವೆ ಸಂದು ಇರುವುದರಿಂದ ಕರಗಿದ ಮೇಣ ಅಲ್ಲಿ ನಿಲ್ಲದೆ ನೇರ ಕೈಮೇಲೆ ಇಳಿಯುತ್ತದೆ, ಹೊಗೆಯೂ ಜಾಸ್ತಿ. ಜೇನುಮೇಣದ ಬಿಗಿ ಜಡೆ ದುಬಾರಿಯಾದರೂ ನಿಧಾನವಾಗಿ ಉರಿಯುತ್ತದೆ, ಕಡಿಮೆ ಸೋರುತ್ತದೆ, ತನ್ನದೇ ಹಿತವಾದ ಪರಿಮಳವೂ ಇರುತ್ತದೆ. ವಾರಕ್ಕೆ ಕೆಲವೇ ನಿಮಿಷ ಉರಿಯುವುದರಿಂದ ಒಂದು ಜಡೆ ಬಹಳ ಕಾಲ ಬಾಳುತ್ತದೆ, ಹಾಗಾಗಿ ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಹೊಸ ಜಡೆ ಮೊದಲ ಸಲ ಬೇಗ ಹೊತ್ತಿಕೊಳ್ಳುವುದಿಲ್ಲ, ಬತ್ತಿಗಳ ತುದಿಯಲ್ಲಿ ಮೇಣ ಮೆತ್ತಿರುತ್ತದೆ. ಎಲ್ಲ ತುದಿಗಳನ್ನೂ ಬೆರಳಿನಿಂದ ಒಟ್ಟಿಗೆ ಒತ್ತಿ, ಬೆಂಕಿಯನ್ನು ಒಂದಿಷ್ಟು ಹೊತ್ತು ಹಿಡಿದುಕೊಂಡೇ ಇರಿ. ಒಂದು ಎಳೆ ಮಾತ್ರ ಹತ್ತಿದರೆ ಜಡೆ ಒಂದು ಕಡೆಗೆ ಕುಸಿದು, ಮುಂದಿನ ವಾರ ಇನ್ನಷ್ಟು ತೊಂದರೆ. ಬಿಸಿಲೂರಿನಲ್ಲಿ ನಿಲ್ಲಿಸಿಟ್ಟರೆ ಜಡೆ ಬಾಗುತ್ತದೆ, ಕಾಗದ ಸುತ್ತಿ ತಂಪು ಕಪಾಟಿನಲ್ಲಿ ಮಲಗಿಸಿಡಿ. ಹಲವು ಬತ್ತಿಗಳ ಜ್ವಾಲೆ ಎತ್ತರವಾಗಿ ಏಳುತ್ತದೆ, ಆದ್ದರಿಂದ ಫ್ಯಾನ್ ನಿಲ್ಲಿಸಿ, ಬಿಟ್ಟ ಕೂದಲು ಕಟ್ಟಿಕೊಳ್ಳಿ, ಪರದೆಯಿಂದ ದೂರ ಕೂರಿ. ಸೆಟ್‌ನಲ್ಲಿ ಬತ್ತಿ ಸಿಕ್ಕಿಸುವ ಹಿಡಿ ಇದ್ದರೆ ಅದಕ್ಕಾಗಿ ಹೆಚ್ಚು ಕೊಡಬೇಡಿ. ಅದರ ತೂತಿಗೂ ಮುಂದೆ ಕೊಳ್ಳುವ ಜಡೆಯ ದಪ್ಪಕ್ಕೂ ಹೊಂದುವುದು ಅಪರೂಪ, ಬತ್ತಿಯನ್ನು ಹೇಗೂ ಕೈಯಲ್ಲೇ ಹಿಡಿಯುತ್ತಾರೆ.

ಬೆಂಕಿಯನ್ನು ಸುಮ್ಮನೆ ನೋಡಿದರೆ ಸಾಲದು, ಅದರ ಬೆಳಕನ್ನು ಬಳಸಬೇಕು ಎನ್ನುತ್ತದೆ ತಾಲ್ಮೂದ್‌ಗೆ ಮೂಲಪಠ್ಯವಾದ ಮಿಶ್ನಾ. ಅದಕ್ಕೇ ಬೆರಳುಗಳನ್ನು ಅಂಗೈ ಮೇಲೆ ಮಡಚಿ, ಜ್ವಾಲೆಗೆ ಹಿಡಿದು, ಉಗುರು ಯಾವುದು ಚರ್ಮ ಯಾವುದು ಎಂದು ಗುರುತಿಸುತ್ತಾರೆ. ಕೋಣೆಯ ದೀಪ ಹತ್ತಿದ್ದರೆ ಇದಕ್ಕೆ ಅರ್ಥವೇ ಇರುವುದಿಲ್ಲ. ಕತ್ತಲಲ್ಲಿ ಮಾಡಿದರೆ ಉಗುರಿನ ಮೇಲೆ ಮಿನುಗುವ ಬೆಳಕು, ಅಂಗೈ ಮೇಲೆ ಬೀಳುವ ಬೆರಳ ನೆರಳು ಎರಡೂ ಒಟ್ಟಿಗೆ ಕಾಣುತ್ತವೆ. ನೋಟ ಅಲ್ಲೇ ಮೂರು ನಾಲ್ಕು ಉಸಿರಿನಷ್ಟು ಹೊತ್ತು ನಿಲ್ಲಲಿ.

ಬಟ್ಟಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನಿಷ್ಠ ಅಳತೆ ಒಂದು ರೆವಿಯಿತ್, ಹೆಚ್ಚು ಚಾಲ್ತಿಯಲ್ಲಿರುವ ಲೆಕ್ಕದಲ್ಲಿ 86 ಮಿ.ಲೀ. ಕಟ್ಟುನಿಟ್ಟಿನ ಲೆಕ್ಕ 150 ಮಿ.ಲೀ. ಹತ್ತಿರ ಹೋಗುತ್ತದೆ, 150 ಹಿಡಿಯುವುದನ್ನೇ ತೆಗೆದುಕೊಂಡರೆ ಚರ್ಚೆ ಮುಗಿಯಿತು. ಸ್ಟೀಲ್, ಗಾಜು ಸಾಕು. ಬೆಳ್ಳಿ ಲೇಪದ್ದನ್ನು ಆ ರಾತ್ರಿಯೇ ತೊಳೆಯದಿದ್ದರೆ ಒಳಗೆ ಕಲೆ ಕೂರುತ್ತದೆ.

ತಟ್ಟೆ ಮಾತ್ರ ಗಮನವಿಟ್ಟು ನೋಡಿ ಕೊಳ್ಳಿ. ಸಮೃದ್ಧಿಯ ಗುರುತಾಗಿ ಬಟ್ಟಲು ಉಕ್ಕಿ ಹರಿಯುವಂತೆ ತುಂಬುತ್ತಾರೆ, ಕೊನೆಗೆ ಆ ಚೆಲ್ಲಿದ ರಸದಲ್ಲೇ ಬತ್ತಿ ಅದ್ದಿ ಆರಿಸುತ್ತಾರೆ. ಅನೇಕ ಸೆಟ್‌ಗಳ ತಟ್ಟೆ ಚಪ್ಪಟೆ, ಅಂಚೇ ಇಲ್ಲ. ರಸ ಮೇಜಿನ ಬಟ್ಟೆಗೆ ಹರಿಯುತ್ತದೆ, ಬತ್ತಿ ಮುಳುಗುವಷ್ಟು ಆಳ ಸಿಗದೆ ಅರ್ಧ ಆರಿ ಹೊಗೆಯಾಡುತ್ತದೆ. ಒಂದೂವರೆ ಸೆಂ.ಮೀ. ಅಂಚಿರುವ ಅಡುಗೆಮನೆಯ ತಟ್ಟೆಯೇ ವಾಸಿ. ಜೊತೆಗೆ ಬರುವ ಆಶೀರ್ವಚನದ ಕಾರ್ಡಿನ ಅಕ್ಷರ ಸಾಮಾನ್ಯವಾಗಿ ತೀರಾ ಚಿಕ್ಕದು, ಮೇಣದಬೆಳಕಿನಲ್ಲಿ ಓದಲಾಗದು. ಅನುಕ್ರಮ ನೆನಪಿಡಲು 'ಯವ್ನೆ' ಎಂಬ ಊರಿನ ಹೆಸರೇ ಸೂತ್ರ: ಯಾಯಿನ್ (ದ್ರಾಕ್ಷಾರಸ), ಬೆಸಾಮಿಮ್ (ಪರಿಮಳ), ನೇರ್ (ದೀಪ), ಹವ್ದಾಲಾ. ಹೀಬ್ರೂ ಲಿಪಿಯಲ್ಲಿ ಬ, ವ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಹೊಂದುತ್ತದೆ.

ಪೆಟ್ಟಿಗೆಯಲ್ಲಿ ಬಾರದ, ಆದರೆ ಧ್ಯಾನಕ್ಕಾಗಿ ಇದನ್ನು ಮಾಡುವವರಿಗೆ ಅತಿ ಮುಖ್ಯವಾದ ಒಂದು ಭಾಗವಿದೆ: ಅದಕ್ಕೂ ಮುಂಚಿನ ಮೌನ. ಹಿಂದಿನ ಭಕ್ತರು ಪ್ರಾರ್ಥನೆಗೆ ಮುನ್ನ ಒಂದು ಗಂಟೆ ಸುಮ್ಮನೆ ಕಾಯುತ್ತಿದ್ದರೆಂದು ಮಿಶ್ನಾದಲ್ಲಿದೆ. ಹಸಿದಿಕ್ ಎಂಬ ಯೆಹೂದಿ ಭಕ್ತಿಪಂಥದ ಸಮುದಾಯಗಳಲ್ಲಿ ಶಬ್ಬಾತ್‌ನ ಮೂರನೆಯ ಊಟ ದೀಪವಿಲ್ಲದೆ, ಕವಿಯುವ ಕತ್ತಲಲ್ಲಿ, ಮಾತಿಲ್ಲದ ರಾಗಗಳನ್ನು ಹಾಡುತ್ತ ನಡೆಯುತ್ತದೆ. ಆ ಹೊತ್ತಿಗೆ ಸರಿಯಾಗಿ ಹೊಂದುವ ವಿಧಾನವೆಂದರೆ ಪೋಲೆಂಡಿನ ಪಿಯಾಸೆಚ್ನೊ ರಬ್ಬಿ ಕಲೋನಿಮಸ್ ಕಲ್ಮನ್ ಶಪಿರಾ ಕಲಿಸಿದ 'ಹಶ್ಕಾಟಾ', ಅಂದರೆ ಶಾಂತಗೊಳಿಸುವುದು. ಯೆಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲೂ ತನ್ನ ಜನರಿಗೆ ಬೋಧಿಸುತ್ತಲೇ ಇದ್ದ ಅವರನ್ನು 1943ರಲ್ಲಿ ನಾಜಿಗಳು ಕೊಂದರು. ಶಿಷ್ಯರೊಬ್ಬರು ಬರೆದಿಟ್ಟಿದ್ದರಿಂದ ವಿಧಾನ ಉಳಿಯಿತು. ಮೊದಲು ಕೆಲ ನಿಮಿಷ ಯೋಚನೆಗಳನ್ನು ತಳ್ಳದೆ, ಹಿಂಬಾಲಿಸದೆ ನೋಡುತ್ತಿರುವುದು. ಅವುಗಳ ಓಟ ಸಡಿಲವಾದಾಗ 'ಅದೊನಾಯ್ ಎಲೋಹಿಮ್ ಎಮೆತ್' (ದೇವರು ಸತ್ಯ) ಎಂಬ ಪ್ರವಾದಿ ಯೆರೆಮೀಯನ ಪುಟ್ಟ ನುಡಿಯನ್ನು ಮೆಲ್ಲಗೆ ಮರುಕಳಿಸುವುದು. ಆಮೇಲೆ ತನಗೆ ಬೇಕಾದ ಒಂದೇ ಒಂದು ಗುಣವನ್ನು ಬೇಡುವುದು. ಯೋಚನೆ ಇನ್ನೂ ಜೋರಾಗಿರುವಾಗಲೇ ನುಡಿಗೆ ಹಾರುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಆಗ ನುಡಿಯೂ ಗದ್ದಲದಲ್ಲಿ ಇನ್ನೊಂದು ಸದ್ದಾಗುತ್ತದೆ. ಐದರಿಂದ ಹತ್ತು ನಿಮಿಷ ಹೀಗೆ ಕೂತು, ನಕ್ಷತ್ರ ಕಂಡ ಮೇಲೆ ಬತ್ತಿ ಹೊತ್ತಿಸಿ. ಮೊಬೈಲ್ ಆನ್ ಮಾಡುವುದು ಹವ್ದಾಲಾ ಮುಗಿದ ಮೇಲೆ. ಮೊದಲೇ ಪರದೆ ನೋಡಿದರೆ ಕತ್ತಲಿಗೆ ಒಗ್ಗಿದ ಕಣ್ಣು, ತಿಳಿಯಾದ ಮನಸ್ಸು ಎರಡೂ ಹೋಗುತ್ತವೆ. ಶನಿವಾರ ರಾತ್ರಿ ತಪ್ಪಿಹೋದರೆ ಮಂಗಳವಾರ ಸೂರ್ಯಾಸ್ತದವರೆಗೂ ಹೇಳಬಹುದು, ಆದರೆ ಆಗ ಬತ್ತಿಯೂ ಇಲ್ಲ, ಪರಿಮಳವೂ ಇಲ್ಲ.

ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ನಮ್ಮ ಕರಾವಳಿಯವರಿಗೆ ಈ ಸೆಟ್ ಅಣಿಮಾಡುವ ಕೆಲಸ ಬರುವುದುಂಟು. ಅವರಿಗೆ ಎರಡು ಮಾತು. ಸಂಪ್ರದಾಯಸ್ಥ ಮನೆಗಳಲ್ಲಿ ಯೆಹೂದಿಯಲ್ಲದವರು ಮುಟ್ಟಿ ಸುರಿದ ಮಾಮೂಲಿ ವೈನ್ ಬಳಸುವುದಿಲ್ಲ. ಬಾಟಲಿಯ ಮೇಲೆ 'ಮೆವುಷಾಲ್' (ಕುದಿಸಿದ್ದು) ಎಂದಿದ್ದರೆ ಆ ತೊಡಕಿಲ್ಲ, ಕೊಳ್ಳುವಾಗಲೇ ಕೇಳಿ ಅದನ್ನೇ ತನ್ನಿ. ಹಾಗೆಯೇ ಬತ್ತಿಯನ್ನು ಹಿರಿಯರೇ ಹೊತ್ತಿಸಲಿ, ಕೈ ನಡುಗುವವರಿದ್ದರೆ ಮೊಣಕೈಗೆ ಆಸರೆ ಕೊಡಿ. ಅವರಿಗೆ ಕೊಡುವ ಜಡೆ ಉದ್ದವಾಗಿರಲಿ, ಬುಡಕ್ಕೆ ಅಲ್ಯೂಮಿನಿಯಂ ಫಾಯಿಲ್‌ನ ಅಗಲವಾದ ಬಟ್ಟಲು ಸುತ್ತಿ, ಮೇಣ ಬೆರಳಿಗೆ ಇಳಿಯುವುದಿಲ್ಲ.

ಒಟ್ಟಿಗೆ ಕೊಳ್ಳಬೇಕೆ, ಬಿಡಿಯಾಗಿ ಕೊಳ್ಳಬೇಕೆ? ಬಿಡಿಯಾಗಿಯೇ: ಜೇನುಮೇಣದ ಜಡೆ ಯೆಹೂದಿ ಅಂಗಡಿಯಿಂದ, ಲವಂಗ ಏಲಕ್ಕಿ ವ್ಯಾಪಾರ ಚೆನ್ನಾಗಿ ನಡೆಯುವ ಮಸಾಲೆ ಅಂಗಡಿಯಿಂದ, ಬಟ್ಟಲು ತಟ್ಟೆ ಮನೆಯಿಂದ. ಉಡುಗೊರೆ ಕೊಡಲು ಸೆಟ್ಟೇ ಬೇಕೆಂದಿದ್ದರೆ ಅಂಚಿರುವ ತಟ್ಟೆ, ಪೂರ್ತಿ ಬಿಚ್ಚಿಕೊಳ್ಳುವ ಮಸಾಲೆ ಡಬ್ಬಿ ಇರುವುದನ್ನು ಆರಿಸಿ, ಒಳಗಿನ ಪೊಟ್ಟಣ ತೆಗೆದು ಹೊಸ ಲವಂಗ ತುಂಬಿ ಕೊಡಿ. ಬತ್ತಿ ಆರಿದ ತಕ್ಷಣ ದೀಪ ಹಾಕಲು ಯಾರಾದರೂ ಸ್ವಿಚ್ಚಿನತ್ತ ಓಡುತ್ತಾರೆ. 'ಶವುವಾ ತೋವ್', ಶುಭ ವಾರ ಎಂದು ಒಬ್ಬರಿಗೊಬ್ಬರು ಹೇಳಿ ಮುಗಿಯುವವರೆಗೆ ಅವರನ್ನು ಕೂರಿಸಿಕೊಳ್ಳಿ.