ಮೂರು ಮಳೆಗಾಲ ಕಂಡ ಮೂರು ಬೆಂಚು

ಅಪ್ಪನಿಗೆ ಸಂಜೆ ಅಂಗಳದ ಬದಿಯಲ್ಲಿ ಕೂರಬೇಕು. ಒಣಹಾಕಿದ ಅಡಿಕೆ ಕಣ್ಣೆದುರು ಇರಬೇಕು, ರಸ್ತೆಯಲ್ಲಿ ಹೋಗುವವರೊಡನೆ ಎರಡು ಮಾತೂ ಆಗಬೇಕು. ನಮ್ಮ ಕಾಸರಗೋಡಿನ ಬದಿಯಡ್ಕದ ಮಳೆಗೆ ಹೊರಗಿಟ್ಟದ್ದು ಯಾವುದು ಬಾಳುತ್ತದೆ ಎಂದು ನೋಡಲಿಕ್ಕೆ 3 ವರ್ಷದ ಹಿಂದೆ, ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಮೊದಲೇ, ಮೂರು ಬೆಂಚು ಇಟ್ಟೆ. ಒಂದು ಮಾವಿನ ಹಲಗೆಯದ್ದು. ಒಂದು ಜ್ಯೂಸಿನ ಖಾಲಿ ಪೊಟ್ಟಣಗಳನ್ನು ಪುಡಿ ಮಾಡಿ, ಬಿಸಿಯಲ್ಲಿ ಒತ್ತಿದ ಶೀಟಿನದ್ದು. ಮತ್ತೊಂದು ಹಳೆ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಹಾಕಿದ ದಪ್ಪ ಹಲಗೆಯದ್ದು.

ಮಾವಿನದ್ದು ಎರಡನೇ ಆಟಿಯನ್ನು, ಅಂದರೆ ಜುಲೈ-ಆಗಸ್ಟಿನ ಮಳೆ ತಿಂಗಳನ್ನು, ದಾಟಲಿಲ್ಲ. ಕಾಲಿನ ಬುಡಕ್ಕೆ ಒರಲೆ (ಗೆದ್ದಲು) ಹಿಡಿದು, ಚೌತಿ ಬರುವಾಗ ಉಗುರಿನಲ್ಲಿ ಕೆರೆದರೆ ಹುಡಿ ಉದುರುತ್ತಿತ್ತು.

ಶೀಟಿನ ಬೆಂಚು ನೋಡಲಿಕ್ಕೆ ಚಂದ, ಒಬ್ಬನೇ ಎತ್ತಿಡಬಹುದು, ಪ್ಲಾಸ್ಟಿಕ್ ಹಲಗೆಯದ್ದರ ಅರ್ಧ ಕ್ರಯವೂ ಇಲ್ಲ. ಆದರೆ ಆ ಪೊಟ್ಟಣಗಳಲ್ಲಿ ಮುಕ್ಕಾಲು ಪಾಲು ಕಾಗದವೇ. ಉಳಿದದ್ದು ಪಾಲಿಥಿನ್, ಚೂರು ಅಲ್ಯುಮಿನಿಯಂ. ಆಚಾರಿ ಅಳತೆಗೆ ಕೊಯ್ದ ಅಂಚಿನಿಂದ ನೀರು ಒಳಗೆ ಹೋಗಿ, ಮೊದಲ ಜುಲೈಯಲ್ಲೇ ಅಂಚು ಉಬ್ಬಿ, ನೆನೆದ ಪುಸ್ತಕದ ಹಾಗೆ ಪದರ ಬಿಟ್ಟಿತು. ಉಬ್ಬಿದ ಭಾಗ ಕೊಯ್ದು ತೆಗೆದು ಕೊಟ್ಟಿಗೆಯ ಮಾಡಿನಡಿಗೆ ಹಾಕಿದೆ. ಈಗ ಹಿಂಡಿ ಗೋಣಿ ಹೊತ್ತು ಗಟ್ಟಿಯಾಗಿಯೇ ನಿಂತಿದೆ. ಅದರ ಜಾಗ ಅಲ್ಲೇ, ಅಂಗಳದಲ್ಲಿ ಅಲ್ಲ.

ಪ್ಲಾಸ್ಟಿಕ್ ಹಲಗೆಯದ್ದನ್ನು ಎತ್ತಲಿಕ್ಕೆ ಇಬ್ಬರು ಬೇಕು. ಕೊಯ್ದ ತುದಿಯನ್ನು ಹತ್ತಿರದಿಂದ ನೋಡಿದರೆ ಬೂದು ಬಣ್ಣದ ನಡುವೆ ನೀಲಿ ಡ್ರಮ್ಮಿನ ಚೂರು, ಕೆಂಪು ಮುಚ್ಚಳದ ಚೂರು ಕಾಣುತ್ತದೆ. ದೋಸೆಯಲ್ಲಿರುವಂಥ ಸಣ್ಣ ತೂತುಗಳೂ ಇವೆ. ನಡುವಿನಲ್ಲಿ ನಾಲ್ಕೈದು ಇದ್ದರೆ ತೊಂದರೆಯಿಲ್ಲ, ಬೆರಳು ಹೋಗುವಷ್ಟು ಟೊಳ್ಳಿದ್ದರೆ ಆ ಹಲಗೆ ಬೇಡ. ಮಳೆಗಾಲದಲ್ಲಿ ಇದರ ಮೇಲೂ ಪಾಚಿ ಬಂತು. ತೆಂಗಿನ ನಾರಿನಲ್ಲಿ ತಿಕ್ಕಿದೆ, ಹೋಯಿತು.

ಕಷ್ಟ ಕಾಣಿಸಿದ್ದು ಮಾರ್ಚ್ ಬಿಸಿಲಿಗೆ. ಅಪ್ಪ ಏಳುವಾಗ ದೊಣ್ಣೆ ಊರಿ ಎರಡು ಸಲ ಪ್ರಯತ್ನಿಸುವುದು ನೋಡಿದೆ. "ಸೊಂಟ ಹಿಡಿದಿದೆಯಾ ಅಪ್ಪ?" ಕೇಳಿದರೆ, "ನನ್ನ ಸೊಂಟ ಸರಿ ಉಂಟು ಮಾರಾಯ, ನಿನ್ನ ಬೆಂಚಿಯ ಸೊಂಟ ನೋಡು" ಎಂದರು. ಎರಡು ತುದಿಗೆ ನೂಲು ಬಿಗಿದು ಅಳೆದೆ, ನಡುವಿನಲ್ಲಿ 14 ಮಿಲಿಮೀಟರ್ ತಗ್ಗು. ಪ್ಲಾಸ್ಟಿಕ್ ಮರದ ಹಾಗಲ್ಲ, ಒಂದೇ ಭಾರ ದಿನಾ ಬಿದ್ದರೆ, ಅದೂ ಬಿಸಿಯಲ್ಲಿ, ಮೆಲ್ಲ ಬಗ್ಗುತ್ತದೆ. ಬಗ್ಗಿದ್ದು ಪೂರ್ತಿ ಹಿಂದೆ ಬರುವುದಿಲ್ಲ. 5 ಅಡಿ ಉದ್ದಕ್ಕೆ ತುದಿಯಲ್ಲಿ ಮಾತ್ರ ಕಾಲು ಕೊಟ್ಟದ್ದೇ ತಪ್ಪು. ಹಲಗೆ ಕವುಚಿ ಹಾಕಿ, ನಡುವೆ ಇನ್ನೊಂದು ಕಾಲು ಕೊಡಿಸಿದೆ. ಮತ್ತೆ ಎರಡು ಬೇಸಿಗೆ ಕಳೆಯಿತು, ನೂಲಿಗೂ ಹಲಗೆಗೂ ನಡುವೆ ಈಗ ಸಂದು ಕಾಣುವುದಿಲ್ಲ.

ಬಿಸಿಲಿಗೆ ಇದು ಉದ್ದವೂ ಆಗುತ್ತದೆ. ಮಳೆಯ ಬೆಳಗ್ಗೆಗೂ ಬೇಸಿಗೆಯ ಮಧ್ಯಾಹ್ನಕ್ಕೂ ನಮ್ಮ ಹಲಗೆಯಲ್ಲಿ ಹತ್ತಿರ ಹತ್ತಿರ 5 ಮಿಲಿಮೀಟರ್ ವ್ಯತ್ಯಾಸ. ಹಾಗಾಗಿ ಸ್ಕ್ರೂವಿನ ತೂತು ಉದ್ದುದ್ದ ಇರಬೇಕು, ಎರಡೂ ತುದಿ ಬಿಗಿದರೆ ಹಲಗೆ ತಿರುಚಿಕೊಳ್ಳುತ್ತದೆ. ಕಪ್ಪು ಹಲಗೆ ಮಧ್ಯಾಹ್ನ ಮುಟ್ಟಲಿಕ್ಕಾಗದಷ್ಟು ಕಾಯುತ್ತದೆ. ಮರದ ನೆರಳಿನಲ್ಲಿಡಿ, ಇಲ್ಲವೇ ತಿಳಿಬಣ್ಣದ್ದೇ ಕೇಳಿ.

ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯ ಅಕ್ಕಂದಿರು ತಿಂಗಳಿಗೊಮ್ಮೆ ಬರುವಾಗ ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು 50 ರೂಪಾಯಿಯ ಜತೆ ಕೊಡುತ್ತೇವೆ. ಅಂಥದ್ದೇ ಕಸ ಎಲ್ಲೋ ಹಲಗೆಯಾಗಿ ಅಂಗಳಕ್ಕೆ ಬಂದು, ಮಳೆಯಲ್ಲಿ ನಿಂತು ಅಪ್ಪನನ್ನು ಹೊರುವುದು ನನಗೆ ದೊಡ್ಡ ಸಂಗತಿ. ಆದ್ದರಿಂದಲೇ ನಡುವಿನ ಕಾಲಿಗೆ ಆಚಾರಿ ಹಲಗೆ ಕೊಯ್ಯುವಾಗ ಅಡಿಗೆ ಹಳೆ ಬೆಡ್‌ಶೀಟ್ ಹಾಸಿದೆ. ಒಂದು ಸೇರಿನಷ್ಟು ಬೂದು ಹುಡಿ ಬಿತ್ತು. ತೋಟದ ಮಣ್ಣಿಗೂ ಬಿಡಲಿಲ್ಲ, ಬಚ್ಚಲ ಒಲೆಗೂ ಹಾಕಲಿಲ್ಲ. ಚೀಲದಲ್ಲಿ ಕಟ್ಟಿ ಅಕ್ಕಂದಿರ ಕೈಗೇ ಕೊಟ್ಟೆ.